ಗಂಟ್ಲದಾಗಿನ ದನಿಪೆಟ್ಟಿಗಿ ಕ್ಯಾನ್ಸರ್ ಆಪರೇಶನ್‌ಗೆ ಸಹಿ ಹಾಕೋಕಿಂತ ಮೊದ್ಲ ಇಷ್ಟು ಕೇಳ್ರಿ

ನಮ್ಮ ಸೋದರಮಾವ ರಾಯಚೂರು ಗಂಜ್‌ನ್ಯಾಗ ಹತ್ತಿ ಸವಾಲು ಕೂಗೋ ಮನುಷ್ಯ, ಮ್ಯಾಲ ಬೀಡಿ ಬ್ಯಾರೆ, ದನಿ ಕುಂತಾಗ ಕೂಗಿ ಕೂಗಿ ಹಿಂಗಾಗ್ಯದ ಅಂತ 4 ತಿಂಗಳು ಜೇನುತುಪ್ಪ ನೆಕ್ಕೊಂತ ಕಳದ್ವಿ, ಕಡೀಗೆ ನೋಡಿದ್ರ ದನಿಪೆಟ್ಟಿಗಿ ಕ್ಯಾನ್ಸರ್, ನೀವು ಹಂಗ ಮಾಡಬ್ಯಾಡ್ರಿ. 3 ವಾರದಾಗ ದನಿ ಸರಿಹೋಗಲಿಲ್ಲಂದ್ರ ಸೀದಾ ಇಎನ್‌ಟಿ ಡಾಕ್ಟರ್ ಹತ್ರ ಹೋಗ್ರಿ, ರಾಯಚೂರಾಗ ರಿಮ್ಸ್, ಬಳ್ಳಾರ್ಯಾಗ ಎಲ್ರೂ ವಿಮ್ಸ್ ಅಂತಾರಲ್ಲ ಆ ದೊಡ್ಡಾಸ್ಪತ್ರಿ.

ಬಯಾಪ್ಸಿಯಾಗ ಕ್ಯಾನ್ಸರ್ ಅಂತ ಬಂತಂದ್ರ ಮೊದ್ಲ ಖರ್ಚು ಕೇಳಬ್ಯಾಡ್ರಿ. ಯಾವ ಸ್ಟೇಜು, ಧ್ವನಿತಂತು ಇನ್ನೂ ಅಲುಗಾಡ್ತಾವೋ ಇಲ್ಲೋ, ಗಡ್ಡಿ ಹೊರಗಿನ ಮೆತ್ತನ ಎಲುಬು ಒಡದು ದಾಟ್ಯದೇನು, ಇದನ್ನ ಕೇಳ್ರಿ. ಗಡ್ಡಿ ಸಣ್ಣದಿದ್ರ ಬಾಯಿಂದನ ಲೇಸರ್ ಹಾಕ್ತಾರ, ಇಲ್ಲಾ ರೇಡಿಯೇಷನ್. ದೊಡ್ಡದಿದ್ರೂ ಕಿಮೋ ಮತ್ತ ರೇಡಿಯೇಷನ್ ಕೊಟ್ಟು ದನಿಪೆಟ್ಟಿಗಿ ಉಳಿಸಬೋದು, 1991ರಾಗ ಅಮೆರಿಕಾದಾಗ ಬಂದ ದೊಡ್ಡ ಟ್ರಯಲ್‌ನ್ಯಾಗ 64% ಮಂದಿಗೆ ಉಳೀತು, ಆಯುಷ್ಯನೂ ಕಮ್ಮಿ ಆಗಲಿಲ್ಲ. ಆದ್ರ ಎಲುಬು ದಾಟಿ ಹೊರಗ ಬಂದಿದ್ರ ಪೂರ್ತಿ ತಗಿಯೋದ ವಾಸಿ ಅಂತ ಡಾಕ್ಟರ್ ಅಂದ್ರ ದನಿ ಸಲುವಾಗಿ ಹಟ ಹಿಡೀಬ್ಯಾಡ್ರಿ.

ನಡುವಿನ ದಾರಿ ಅಂದ್ರ ಅರ್ಧ ತಗದು ಉಳಿದದ್ದನ್ನ ಕಟ್ಟೋ ಆಪರೇಶನ್. ಒಂದು ನಮೂನಿಯಾಗ ಎರಡೂ ಧ್ವನಿತಂತು, ಮುಂದಿನ ಎಲುಬು ತಗದು, ಕೆಳಗಿನ ಉಂಗುರದಂಥ ಎಲುಬನ್ನ ಮ್ಯಾಲ ನಾಲಿಗಿ ಬುಡದ ಎಲುಬಿಗೆ ಎಳದು ಹೊಲೀತಾರ. ಇನ್ನೊಂದ್ರಾಗ ಒಂದ ಪಕ್ಕ ತಗದು ಕುತ್ತಿಗಿ ಮಾಂಸನೋ ಮುಂಗೈ ಚರ್ಮನೋ ತ್ಯಾಪಿ ಹಚ್ತಾರ. ಎರಡಕ್ಕೂ ಉಂಗುರದ ಮ್ಯಾಲಿನ ಸಣ್ಣ ಕೀಲು ಒಂದಾದ್ರೂ ಜೀವಂತ ಇರ್ಬೇಕು, ನಮ್ಮ ಮಾವಂದು ಎಡಕಿಂದು ಇತ್ತು, ಅದ ಪುಣ್ಯ.

ಯಾರೂ ಮೊದ್ಲ ಹೇಳದ ಮಾತು ಏನಂದ್ರ ಉಳಿಸಿದ ದನಿಗೆ ರೊಕ್ಕ ಕಟ್ಟೋದು ನುಂಗೋದ್ರಾಗ. ನೀರು, ಅನ್ನ ಪುಪ್ಪುಸಕ್ಕ ಇಳೀತಾವ, ನ್ಯುಮೋನಿಯಾ ಆಗ್ತದ, ಅದಕ್ಕ ಪುಪ್ಪುಸ ಗಟ್ಟಿ ಇದ್ದೋರಿಗೆ ಮಾತ್ರ ಇದು. ಹಳೇ ಡಾಕ್ಟ್ರುಗಳ ಲೆಕ್ಕ, ನಿಲ್ದಾಂಗ 2 ಮಾಳಿಗಿ ಹತ್ತಬೇಕು, ಮಾವನ್ನೂ ಆಸ್ಪತ್ರಿ ಮೆಟ್ಲ ಹತ್ತಿಸಿದ್ರು ನೋಡ್ರಿ. ಆಪರೇಶನ್ ಆದಮ್ಯಾಲ ಉಸುರಾಡಾಕ ಕುತ್ತಿಗ್ಯಾಗ ತೂತು, ಮೂಗಿನ್ಯಾಗ ಊಟದ ನಳಿಗಿ, ವಾರಗಟ್ಲೆ. ನುಂಗೋದು ಕಲ್ಸೋ ಥೆರಪಿಸ್ಟ್ ಇದ್ದಾರೇನು ಅಂತ ಅಡ್ಮಿಟ್ ಆಗೋಕಿಂತ ಮುಂಚೆನ ಕೇಳ್ರಿ, ಇಲ್ಲಂದ್ರ ಬ್ಯಾರೆ ಕಡಿ ನೋಡ್ರಿ. ನೀರು ಎಲ್ಲಕ್ಕಿಂತ ಕಷ್ಟ, ಅದಕ್ಕ ಮೊದ್ಲ ದಪ್ಪ ಅಂಬಲಿಯಂಥದ್ದು ಕೊಡ್ತಾರ, ಉಸುರು ಹಿಡೀರಿ, ನುಂಗ್ರಿ, ಕೆಮ್ಮ್ರಿ, ಮತ್ತ ನುಂಗ್ರಿ, ಇದನ್ನ ಅವ್ರ ಎದುರಿಗೆ ಕಲೀರಿ, ಮನ್ಯಾಗ ತಾವ ಶುರು ಮಾಡಬ್ಯಾಡ್ರಿ. ಮಾವಗ ಒಂದ ಗುಟುಕು ಚಾ ಕುಡ್ಯಾಕ 2 ತಿಂಗಳು ಹಿಡೀತು, ದನಿನೂ ಗರಗರ, ಫೋನಿನ್ಯಾಗ ಅತ್ತಿನ ಯಾರು ಅಂತ ಕೇಳ್ತಾಳ.

ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್‌ನ್ಯಾಗ ಮನೀಗೆ ವರ್ಷಕ್ಕ 5 ಲಕ್ಷದ ತನಕ ಸರ್ಕಾರ ಖರ್ಚು ಕೊಡ್ತದ, ಬೆಂಗ್ಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿಗೆ ಹೊಂಟ್ರ ಇಲ್ಲಿ ಸರ್ಕಾರಿ ಆಸ್ಪತ್ರಿ ರೆಫರಲ್ ಚೀಟಿ ತಗೊಂಡ ರೈಲು ಹತ್ರಿ.

ಪೂರ್ತಿ ತಗದ್ರೂ ಮಾತು ಮುಗೀತಂತಲ್ಲ, ಉಸುರುನಾಳ, ಅನ್ನನಾಳ ನಡುವ ಸಣ್ಣ ವಾಲ್ವ್ ಕೂಡಿಸಿ ಮಾತಾಡಸ್ತಾರ, ಬೆಂಗ್ಳೂರಿನ ಡಾಕ್ಟರ್ ವಿಶಾಲ್ ರಾವ್ ಬಂದ ಹೊಸದ್ರಾಗ ಸುಮಾರು 50 ರೂಪಾಯಿ ಇದ್ದದ್ದೊಂದು ಮಾಡ್ಯಾರ, ಓಂ ಅಂತ ಹೆಸರು, ಅದನ್ನೂ ಕೇಳಿ ನೋಡ್ರಿ.