ಕಾಳು ಗುಬ್ಬಿಗೇ ಸಿಗಲಿ: ಒಂದೂವರೆ ಇಂಚು ಮೆಶ್‌ನ ನನ್ನ ಅನುಭವ

"ಸಾರ್, ಇದು ಪಂಜರ ಇದ್ದಂಗಿದೆ. ಯಾವ ಹಕ್ಕಿ ಒಳಗೆ ಬರುತ್ತೆ?" ಅಂದಿದ್ದರು ವೆಲ್ಡಿಂಗ್ ಅಂಗಡಿಯವರು, ಗುಬ್ಬಿಗೆ ಕಾಳಿಡಲು ಸುತ್ತ ತಂತಿ ಬಲೆ (ಮೆಶ್) ಇರುವ ಪೆಟ್ಟಿಗೆ ಮಾಡಿಸಿದಾಗ. ಪಕ್ಕದ ಮನೆ ಆಂಟಿಯೂ ಅದನ್ನೇ ಹೇಳಿದರು. ಈಗ ಬೆಳಿಗ್ಗೆ ಆರೂವರೆಗೆ ಕುವೆಂಪುನಗರದ ನಮ್ಮ ತಾರಸಿಗೆ ಬಂದು ನೋಡಬೇಕು. ಇಪ್ಪತ್ತಿಪ್ಪತ್ತೈದು ಗುಬ್ಬಚ್ಚಿ, ಜೊತೆಗೆ ಚುಕ್ಕೆ ರಾಟವಾಳದ (ಮುನಿಯಾ ಹಕ್ಕಿ) ಒಂದು ಗುಂಪು, ಎಲ್ಲ ಒಳಗೆ. ಪಾರಿವಾಳ ಹೊರಗೆ.

ಇದಕ್ಕೆ ಮುಂಚೆ ದುಡ್ಡು ಹೋದದ್ದು ಕಮ್ಮಿಯೇನಲ್ಲ. ಆನ್‌ಲೈನ್‌ನಲ್ಲಿ ಸುಮಾರು 350 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಫೀಡರ್ (ಕಾಳು ಹಾಕುವ ಡಬ್ಬಿ) ತರಿಸಿದೆ. ಒಂದು ಪಾರಿವಾಳ ಕಡ್ಡಿ ಮೇಲೆ ಕೂತು ಅಲ್ಲಾಡಿಸೋದು, ಉಳಿದ ಹಿಂಡು ಕೆಳಗೆ ಬಿದ್ದದ್ದನ್ನು ಹೆಕ್ಕೋದು. ಕಡ್ಡಿ ಮೋಟು ಮಾಡಿದೆ, ಗೊರವಂಕ ಬಂತು. ಹಳೇ ಸಿ.ಡಿ. ತೂಗುಹಾಕಿದೆ, ಒಂದು ವಾರ ಹೆದರಿದವು ಅಷ್ಟೇ. ತಿಂಗಳಿಗೆ ಆರೇಳು ಕೆಜಿ ನವಣೆ ಖರ್ಚಾಗುತ್ತಿತ್ತು, ಅದರಲ್ಲಿ ಗುಬ್ಬಿ ಹೊಟ್ಟೆ ಸೇರಿದ್ದು ಒಂದು ಕೆಜಿಯೂ ಇರಲಿಕ್ಕಿಲ್ಲ. ಸುತ್ತ ನೈಲಾನ್ ದಾರ ಕಟ್ಟಿ ಅಂತಲೂ ಕೆಲವರು ಹೇಳಿದರು. ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಸತ್ತೇ ಹೋಗುತ್ತೆ, ಅದರ ತಂಟೆಗೆ ನಾನು ಹೋಗಲಿಲ್ಲ.

ಆಮೇಲೆ ವೆಲ್ಡ್ ಮೆಶ್. ಮೊದಲನೆಯದು ಎರಡು ಇಂಚಿನ ಕಣ್ಣಿನದು (ತಂತಿಗಳ ನಡುವಿನ ಕಿಂಡಿ), ಒಂಬೈನೂರು ಚಿಲ್ಲರೆ ಆಯ್ತು. ಪಾರಿವಾಳ ನಿಂತಿತು. ಗೊರವಂಕ ಮಾತ್ರ ತಲೆ ತೂರಿಸಿ, ಒಂದು ಭುಜ ಓರೆ ಮಾಡಿ, ಒಳಗೆ ಜಾರಿಕೊಂಡು ಗುಬ್ಬಿಗಳನ್ನು ಓಡಿಸಿತು. ಒಂದೂವರೆ ಇಂಚಿಗೆ ಇಳಿಸಿದ ಮೇಲೆ ತಲೆ ಹೋಗುತ್ತೆ, ಮೈ ಹೋಗಲ್ಲ. ಗುಬ್ಬಿ ರೆಕ್ಕೆ ಮಡಚಿ ಸಲೀಸಾಗಿ ದಾಟುತ್ತೆ.

ಮೆಶ್ ಕಣ್ಣಿನ ಅಳತೆಯಷ್ಟೇ ಮುಖ್ಯ ಒಳಗಿನ ದೂರ. ತಟ್ಟೆ ಮೆಶ್‌ಗೆ ಹತ್ತಿರ ಇದ್ದರೆ ಪಾರಿವಾಳ ಹೊರಗೆ ನಿಂತೇ ಕತ್ತು ಚಾಚಿ ಮುಗಿಸುತ್ತೆ. ನನ್ನದು ಒಂದೂವರೆ ಅಡಿ ಚೌಕದ ಪೆಟ್ಟಿಗೆ, ನಡುವೆ ಆರು ಇಂಚಿನ ತಟ್ಟೆ, ಅಂದರೆ ಎಲ್ಲ ಕಡೆ ಆರಾರು ಇಂಚು ಬಿಡುವು. ಇದೇ ಬಿಡುವು ಒಂದು ದಿನ ಜೀವ ಉಳಿಸಿತು. ಬಿಜ್ಜು (ಗಿಡುಗದ ಜಾತಿಯ ಬೇಟೆ ಹಕ್ಕಿ) ಬಂದು ಮೆಶ್ ಮೇಲೇ ಕೂತು ಕಾಲು ಇಳಿಬಿಟ್ಟಿತು, ಗುಬ್ಬಿಗಳು ತಟ್ಟೆಗೆ ಅಂಟಿಕೊಂಡು ಕೂತವು, ಉಗುರು ತಾಕಲೇ ಇಲ್ಲ.

ಪೆಟ್ಟಿಗೆ ಇಟ್ಟ ತಕ್ಷಣ ಗುಬ್ಬಿ ಬರಲ್ಲ. ಹೊಸ ವಸ್ತು ಅಂದರೆ ಅವಕ್ಕೆ ಭಯ ಜಾಸ್ತಿ. ಎರಡು ಮೂರು ವಾರ ಸುಮ್ನೆ ಇಟ್ಟು ಕಾಯಬೇಕು. ಮೊದಲ ಗುಬ್ಬಿಯನ್ನು ಒಳಗೆ ಕರೆದ ಉಪಾಯ ಬೇರೆ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಳಿಲಿನದು ಬೇರೆ ಕಥೆ. ಒಂದೂವರೆ ಇಂಚು ಅದಕ್ಕೆ ರಾಜಬಾಗಿಲು. ಹಕ್ಕಿಗೆ ಖಾರ ತಿಳಿಯುವುದಿಲ್ಲ, ಅಳಿಲಿಗೆ ತಿಳಿಯುತ್ತೆ. ಅದಕ್ಕೇ ಕಾಳಿಗೆ ಮೆಣಸಿನ ಪುಡಿ ಬೆರೆಸಿ ನೋಡಿದೆ. ಬ್ಯಾಡಗಿಗೆ ಬಣ್ಣವೇ ಜಾಸ್ತಿ, ಅಳಿಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗುಂಟೂರಿನದು ಕೆಲಸ ಮಾಡಿತು, ಆದರೆ ಗಾಳಿ ಬಂದರೆ ನಮ್ಮ ಕಣ್ಣೂ ಉರಿಯುತ್ತೆ. ಈಗ ಕಂಬಕ್ಕೆ ನಾಲ್ಕು ಇಂಚಿನ ಪಿವಿಸಿ ಪೈಪ್ ತೊಡಿಸಿ, ಕಂಬವನ್ನು ಗೋಡೆಯಿಂದಲೂ ಮರದಿಂದಲೂ ದೂರ ಇಟ್ಟಿದ್ದೇನೆ. ಉಗುರು ಜಾರುತ್ತೆ, ಅಳಿಲು ಬರೋದು ಮುಕ್ಕಾಲು ಪಾಲು ನಿಂತಿದೆ.

ಇನ್ನೊಂದು ಪ್ರಯೋಗ ಪಾಂಡವಪುರದ ಭಾವನ ಗದ್ದೆಯಿಂದ ತಂದ ಭತ್ತದ ತೆನೆಯದು. ಗೊಂಚಲು ಕಟ್ಟಿ ಸಣ್ಣ ತಂತಿಯಲ್ಲಿ ತೂಗುಬಿಟ್ಟರೆ ರಾಟವಾಳ ತಲೆಕೆಳಗಾಗಿ ನೇತಾಡಿಕೊಂಡು ತಿನ್ನುತ್ತೆ, ಪಾರಿವಾಳಕ್ಕೆ ಹಿಡಿತ ಸಿಗಲ್ಲ. ಖರ್ಚೇ ಇಲ್ಲ. ಆದರೆ ಕೊಯ್ಲಿನ ಕಾಲ ಮುಗಿದರೆ ತೆನೆಯೂ ಇಲ್ಲ, ಅಲ್ವಾ.

ಕಾಳು ಬೆಳಿಗ್ಗೆ ಒಂದು ಹಿಡಿ, ನಾಲ್ಕು ಗಂಟೆಗೆ ಒಂದು ಹಿಡಿ, ಅಷ್ಟೇ ಹಾಕುತ್ತೇನೆ. ನವಣೆ ಮತ್ತು ನುಚ್ಚಕ್ಕಿ. ಜೋಳ, ಗೋಧಿ ಬೇಡ, ಪಾರಿವಾಳಕ್ಕೆ ಕರೆಯೋಲೆ ಕೊಟ್ಟ ಹಾಗೆ. ಮಳೆಗಾಲದಲ್ಲಿ ನೆನೆದ ಕಾಳಿಗೆ ಬೂಷ್ಟು ಹಿಡಿಯುತ್ತೆ, ಸಂಜೆ ತಟ್ಟೆ ತೊಳೆದೇ ಇಡಬೇಕು. ಒಟ್ಟು ಖರ್ಚು ಮೆಶ್, ಕಂಬ, ಕೂಲಿ ಸೇರಿ ಎರಡು ಸಾವಿರದ ಹತ್ತಿರ. ನವಣೆ ಈಗ ತಿಂಗಳಿಗೆ ಎರಡು ಕೆಜಿ ಸಾಕು. ಮಾಡಿಸುವವರು ಮೆಶ್ ಕತ್ತರಿಸಿದ ತುದಿಗಳನ್ನೆಲ್ಲ ಅರ ಹಾಕಿ ಉಜ್ಜಿಸಿಯೇ ಮನೆಗೆ ತನ್ನಿ.