ಆರ್‌ಎಕ್ಸ್ 100ರ ಫೋರ್ಕ್ ಬಾಟಮ್: ಮನೆಯಲ್ಲೇ ಪಾಲಿಶೋ, ಕ್ರೋಮ್ ಹಾಕಿಸುವುದೋ?

ಮೊದಲು ಒಂದು ಅಯಸ್ಕಾಂತ ತಂದು ಈ ಯಮಹಾ ಬೈಕಿನ ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳಿಗೆ, ಹಿಡಿಯಿರಿ. ಮೇಲಿನ ಪೈಪಿಗೆ ಗಟ್ಟಿಯಾಗಿ ಅಂಟುತ್ತದೆ, ಕೆಳಗಿನ ಬಾಟಮ್‌ಗೆ ಅಂಟುವುದಿಲ್ಲ. ಪೈಪು ಉಕ್ಕು, ಬಾಟಮ್ ಅಲ್ಯುಮಿನಿಯಂ ಎರಕ. ಪಾಲಿಶ್ ಮಾಡಬೇಕಾದದ್ದು ಬಾಟಮ್ ಮಾತ್ರ. ಕೆಲವು ಹಳೇ ಗಾಡಿಗಳಲ್ಲಿ ಬಾಟಮ್‌ಗೂ ಅಯಸ್ಕಾಂತ ಅಂಟುತ್ತದೆ. ಅಂಥ ಉಕ್ಕಿನ ಬಾಟಮ್‌ಗಾದರೆ ಕ್ರೋಮೇ ಸರಿ, ಪಾಲಿಶ್ ಮಾಡಿ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಪೈಪಿನ ಮೇಲಿರುವುದು ಹಾರ್ಡ್ ಕ್ರೋಮ್. ದಪ್ಪವಾಗಿ ಹಾಕಿ, ಗ್ರೈಂಡ್ ಮಾಡಿ ಅಳತೆಗೆ ತಂದದ್ದು. ಆಯಿಲ್ ಸೀಲ್ ಜಾರುವುದು ಇದರ ಮೇಲೆಯೇ. ಹ್ಯಾಂಡಲ್, ಬಂಪರ್‌ಗೆ ಹಾಕುವ ಶೋ ಕ್ರೋಮ್ ಒಂದು ಮೈಕ್ರಾನಿಗಿಂತಲೂ ತೆಳು, ತುಕ್ಕು ತಡೆಯುವ ಕೆಲಸವೆಲ್ಲ ಅದರಡಿಯ ನಿಕಲ್‌ನದು. ಆದ್ದರಿಂದ ಪೈಪಿಗೆ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳುಕಾಗದ) ಮುಟ್ಟಿಸಬೇಡಿ, ಶೋ ಕ್ರೋಮ್ ಅಂಗಡಿಗೂ ಕೊಡಬೇಡಿ. ಸೀಲ್ ಓಡಾಡುವ ಜಾಗದಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡುವವರ ಬಳಿ ಹೋಗಿ, ಇಲ್ಲವೇ ಹೊಸ ಪೈಪ್ ಹಾಕಿ.

ಇನ್ನು ಬಿಚ್ಚುವ ಕೆಲಸ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ, ಮಡ್‌ಗಾರ್ಡ್ ತೆಗೆಯಿರಿ. ಫೋರ್ಕಿನ ಮೇಲಿನ ಬೋಲ್ಟನ್ನು ಕ್ಲ್ಯಾಂಪ್ ಬಿಗಿಯಾಗಿ ಹಿಡಿದಿರುವಾಗಲೇ ಸಡಿಲಿಸಿ. ಹೊರಗೆ ತೆಗೆದ ಮೇಲೆ ಪೈಪ್ ತಿರುಗಿಕೊಂಡು ಸತಾಯಿಸುತ್ತದೆ. ಒಳಗಿನ ಆಯಿಲ್ ಹೊರಗೆ ಸುರಿದು, ಅಡಿಯ ಆಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ತೂತಿರುವುದು) ತೆಗೆದರೆ ಬಾಟಮ್ ಬೇರೆಯಾಗುತ್ತದೆ. ಬೋಲ್ಟ್ ಜೊತೆ ಒಳಗಿನ ರಾಡೂ ತಿರುಗಿದರೆ ಸ್ಪ್ರಿಂಗ್ ಒಳಗಿರುವಂತೆಯೇ ಫೋರ್ಕನ್ನು ಒತ್ತಿ ಹಿಡಿದು ಬಿಚ್ಚಿ. ಹಳೇ ಸೀಲ್ ಕಿತ್ತು ಎಸೆಯಿರಿ, ಹೇಗೂ ಹೊಸದೇ ಬೇಕು. ಸೀಲ್ ಕೂರುವ ಬಾಯಿ ಮತ್ತು ಆಕ್ಸಲ್ ತೂತಿಗೆ ಬಟ್ಟೆ ತುರುಕಿ, ಟೇಪ್ ಸುತ್ತಿ.

ಕಂಪನಿಯ ಲ್ಯಾಕರ್ (ಪಾರದರ್ಶಕ ಲೇಪ) ಪೂರ್ತಿ ಹೋಗದೆ ಪೇಪರ್ ಹಿಡಿಯಬೇಡಿ, ಪೇಪರ್ ಮೆತ್ತಿಕೊಂಡು ಹಾಳಾಗುತ್ತದೆ. ಎರಡು ಬಾಟಮ್‌ಗೆ ಕಾಲು ಲೀಟರ್ ಪೇಂಟ್ ರಿಮೂವರ್ ಸಾಕು. ಬಯಲಿನಲ್ಲಿ, ದಪ್ಪ ರಬ್ಬರ್ ಕೈಗವಸು ಹಾಕಿಕೊಂಡೇ ಹಚ್ಚಿ. ಕಾಸ್ಟಿಕ್ ಸೋಡ ಮಾತ್ರ ಬೇಡವೇ ಬೇಡ: ಅಲ್ಯುಮಿನಿಯಂ ಅನ್ನೇ ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ.

ಹೊಳಪು ಹುಟ್ಟುವುದು ವಾಟರ್ ಪೇಪರಿನಲ್ಲಿ. ಬಫ್, ಅಂದರೆ ತಿರುಗುವ ಹತ್ತಿ ಚಕ್ರ, ಅದನ್ನು ಎದ್ದು ಕಾಣುವಂತೆ ಮಾಡುತ್ತದೆ ಅಷ್ಟೆ. ಎರಕದ ಜೋಡಣೆಯ ಗೆರೆಯನ್ನು ಸಣ್ಣ ಹಲ್ಲಿನ ಅರದಿಂದ ಮಟ್ಟ ಮಾಡಿ, ನಂತರ ಪೇಪರ್ ನಂಬರ್ 240, 400, 600, 800, 1000, 1500 (ನಂಬರ್ ಹೆಚ್ಚಿದಷ್ಟೂ ನಯ). 240 ಮತ್ತು 400 ಮೂರು ಮೂರು ಶೀಟ್, ಉಳಿದವು ಎರಡೆರಡು ಇರಲಿ. ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಳ್ಳಿ. ಒಂದು ನಂಬರಿಗೆ ಉದ್ದಕ್ಕೆ ಉಜ್ಜಿದರೆ ಮುಂದಿನದಕ್ಕೆ ಅಡ್ಡಕ್ಕೆ. ಹಿಂದಿನ ಗೀರುಗಳು ಪೂರ್ತಿ ಮಾಯವಾದ ಮೇಲಷ್ಟೇ ಮುಂದಕ್ಕೆ. ನಂಬರ್ ಬದಲಿಸುವಾಗ ನೀರೂ ಬದಲಾಗಬೇಕು, ಇಲ್ಲದಿದ್ದರೆ ಹಳೇ ಪೇಪರಿನ ಒಂದು ಕಣವೇ ಸಾಕು ಉದ್ದ ಗೀರು ಎಳೆಯಲು. 400ರಲ್ಲಿ ಅವಸರ ಮಾಡಿದವರು 1500 ಮುಗಿಸಿ ಬಿಸಿಲಿಗೆ ಹಿಡಿದಾಗ ಗೀರು ಕಂಡು ಮತ್ತೆ 400ಕ್ಕೇ ಇಳಿಯುತ್ತಾರೆ.

ಬಫಿಂಗ್‌ಗೆ ಡ್ರಿಲ್ ಮೆಷಿನ್ನಿಗೆ ನಾಲ್ಕಿಂಚಿನ ಹತ್ತಿ ಚಕ್ರ ಸಾಕು. ಆಂಗಲ್ ಗ್ರೈಂಡರಿಗೆ ಅದನ್ನು ಹಾಕಬೇಡಿ. ಆ ವೇಗಕ್ಕೆ ಚಕ್ರ ಹರಿದು ಹಾರುತ್ತದೆ, ಬಫಿಂಗ್ ಸೋಪು ಸುಟ್ಟು ಕಪ್ಪಗೆ ಮೆತ್ತುತ್ತದೆ. ಮೊದಲು ಕಂದು ಸೋಪು, ಆಮೇಲೆ ಬೇರೆಯದೇ ಚಕ್ರದಲ್ಲಿ ಬಿಳಿ ಸೋಪು. ಕಪ್ಪು ಗೆರೆ ಮೂಡಿದರೆ ಸೋಪು ಜಾಸ್ತಿಯಾಯಿತು ಎಂದರ್ಥ: ಸೀಮೆಎಣ್ಣೆಯಲ್ಲಿ ಒರೆಸಿ, ಮೈದಾ ಉದುರಿಸಿ ಒಣ ಬಟ್ಟೆಯಲ್ಲಿ ಉಜ್ಜಿ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಕಬ್ಬಿಣ ಕೊರೆದ ಕಿಡಿ ಬೀಳುವ ಕಡೆ ಅಲ್ಯುಮಿನಿಯಂ ಧೂಳು ಸೇರಲು ಬಿಡಬೇಡಿ, ಹೊತ್ತಿಕೊಳ್ಳುತ್ತದೆ.

ಈಗ ಕ್ರೋಮ್ ವಿಚಾರ. ಅಲ್ಯುಮಿನಿಯಂ ಮೇಲೆ ಗಾಳಿ ತಾಕಿದ ಕೂಡಲೇ ಆಕ್ಸೈಡ್ ಪದರ ಕಟ್ಟುವುದರಿಂದ ಪ್ಲೇಟಿಂಗ್ ನೇರವಾಗಿ ಹಿಡಿಯದು. ಜಿಂಕೇಟ್ ಸ್ನಾನ (ಸತುವಿನ ತೆಳು ಪದರ ಕೂರಿಸುವ ದ್ರಾವಣ), ತಾಮ್ರ, ನಿಕಲ್, ಕೊನೆಗೆ ಕ್ರೋಮ್ ಆಗಬೇಕು. ಜಿಂಕೇಟ್ ಹಂತದಲ್ಲಿ ಕೈ ತಪ್ಪಿದರೂ, ಎರಕದೊಳಗಿನ ಸಣ್ಣ ರಂಧ್ರಗಳಲ್ಲಿ ಆಮ್ಲ ಉಳಿದರೂ ಪದರ ಬೊಕ್ಕೆಯೆದ್ದು ಸಿಪ್ಪೆಯಂತೆ ಸುಲಿಯುತ್ತದೆ. ಕಲ್ಲು ಬಡಿದು ಬಿರುಕಾದ ಕಡೆ ನೀರು ಸೇರಿದರೂ ಅದೇ ಗತಿ. ಸೀಲ್ ಕೂರುವ ಜಾಗಕ್ಕೋ ಒಳಕೊಳವೆಗೋ ಪದರ ಕೂತರೆ ಅಳತೆ ಕೆಡುತ್ತದೆ. ಅದಕ್ಕೇ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ: ಅಲ್ಯುಮಿನಿಯಂ ಕೆಲಸ ಪ್ರತ್ಯೇಕವಾಗಿ ಮಾಡುತ್ತೀರಾ, ಒಳಭಾಗ ಮುಚ್ಚುತ್ತೀರಾ? ತಡವರಿಸಿದರೆ ವಾಪಸ್ ತನ್ನಿ. ಮನೆಯಲ್ಲಿ ಕ್ರೋಮ್ ಮಾಡುವ ಯೋಚನೆಯೇ ಬೇಡ, ಆ ದ್ರಾವಣದ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಪಾಲಿಶಿನ ಕೊರತೆ ಒಂದೇ, ಅದು ಮಾಸುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಇನ್ನೂ ಬೇಗ. ಕಾರ್ನಾಬಾ ವ್ಯಾಕ್ಸ್ ಹಚ್ಚಿಡಿ, ಮಂಕಾದಾಗ ಮೆಟಲ್ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ. ಮೇಲೆ ಲ್ಯಾಕರ್ ಹೊಡೆಯಬಹುದು, ಆದರೆ ಕನ್ನಡಿಯಂಥ ನುಣುಪಿನ ಮೇಲೆ ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಂದು ಕಡೆ ಎದ್ದರೆ ಪೂರ್ತಿ ತೆಗೆದು ಮತ್ತೆ ಮೊದಲಿಂದ.

ಜೋಡಿಸುವ ಮೊದಲು ಬಾಟಮ್ ಒಳಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಒಂದು ಚಿಟಿಕೆ ಪೇಪರ್ ಧೂಳು ಉಳಿದರೂ ಹೊಸ ಸೀಲ್ ಸೋರುತ್ತದೆ. ಸೀಲಿನ ತುಟಿಗೆ ಫೋರ್ಕ್ ಆಯಿಲ್ ಸವರಿ, ಆಲನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಆಯಿಲ್ ಮ್ಯಾನುಯಲ್ ಹೇಳಿದಷ್ಟೇ, ಎರಡೂ ಕಾಲಿಗೆ ಸಮನಾಗಿ. ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮುನ್ನ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಹ್ಯಾಂಡಲ್ ಹಿಡಿದು ಮೂರ್ನಾಲ್ಕು ಸಲ ಒತ್ತಿ ಬಿಡಿ.