ಟೆನಿಸ್‌ನಲ್ಲಿ ರಕ್ಷಣೆ: ಮೊದಲು ಎತ್ತರ, ಆಮೇಲೆ ಓಟ

ರಕ್ಷಣೆಯ ಆಟವೆಂದರೆ ಹೆಚ್ಚು ಓಡುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಸಮಯ ಗಳಿಸುವ ಕೆಲಸ. ಎದುರಾಳಿ ನಮ್ಮನ್ನು ಮೂಲೆಗೆ ಎಳೆದಾಗ ಗಟ್ಟಿಯಾಗಿ ಹೊಡೆದರೆ ಚೆಂಡು ಅಷ್ಟೇ ಬೇಗ ವಾಪಸ್ ಬರುತ್ತದೆ, ನಾವಿನ್ನೂ ಮೂಲೆಯಲ್ಲೇ ಇರುತ್ತೇವೆ.

ಹಾಗಾಗಿ ಮೂಲೆಯಿಂದ ನಾನು ಆರಿಸುವುದು ಎತ್ತರದ ಕ್ರಾಸ್‌ಕೋರ್ಟ್, ಅಂದರೆ ಕರ್ಣವಾಗಿ ಎದುರು ಮೂಲೆಗೆ ಹೋಗುವ ಹೊಡೆತ. ನೆಟ್ ಕಂಬದ ಬಳಿ 1.07 ಮೀಟರ್ ಇದ್ದರೆ ನಡುವೆ 0.914 ಮೀಟರ್ ಅಷ್ಟೆ. ಸಿಂಗಲ್ಸ್ ಕೋರ್ಟಿನ ಉದ್ದ 23.77 ಮೀಟರ್, ಕರ್ಣ ಸುಮಾರು 25 ಮೀಟರ್. ತಗ್ಗಾದ ನೆಟ್, ಹೆಚ್ಚು ಜಾಗ, ಎರಡೂ ಸಿಗುತ್ತವೆ. ಅಭ್ಯಾಸಕ್ಕೆ ಎರಡೂ ಕಂಬಕ್ಕೆ ಬಿದಿರು ಕಟ್ಟಿ, ನೆಲದಿಂದ 2.5 ಮೀಟರ್ ಎತ್ತರದಲ್ಲಿ ಹಗ್ಗ ಎಳೆಯುತ್ತೇನೆ. ಚೆಂಡು ಅದರ ಮೇಲೇ ಹೋಗಿ, ಸರ್ವಿಸ್ ಲೈನ್ (ಸರ್ವ್ ಬೀಳಬೇಕಾದ ಚೌಕದ ಹಿಂದಿನ ಗೆರೆ) ಮತ್ತು ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ನಡುವಿನ 5.5 ಮೀಟರಿನ ಹಿಂದಿನ ಅರ್ಧದಲ್ಲಿ ಬೀಳಬೇಕು. ಮುಂದೆಯೇ ಬೀಳುತ್ತಿದ್ದರೆ ಸಾಮಾನ್ಯವಾಗಿ ಕಾರಣ ಒಂದೇ: ಔಟ್ ಆದೀತೆಂಬ ಭಯದಲ್ಲಿ ಕೈ ನಿಧಾನವಾಗಿದೆ. ಸ್ವಿಂಗ್ ಪೂರ್ತಿ ಇರಲಿ, ರಾಕೆಟ್ ಕೆಳಗಿನಿಂದ ಮೇಲಕ್ಕೆ ಇನ್ನಷ್ಟು ಕಡಿದಾಗಿ ಏರಲಿ.

ಕ್ರಾಸ್‌ಕೋರ್ಟ್ ಹೊಡೆದ ಮೇಲೆ ನಟ್ಟನಡುವಿಗೆ ಓಡಬೇಕಾಗಿಲ್ಲ, ಒಂದೆರಡು ಹೆಜ್ಜೆ ಮೊದಲೇ ನಿಲ್ಲಬಹುದು. ಡೌನ್ ದ ಲೈನ್, ಅಂದರೆ ಪಕ್ಕದ ಗೆರೆಗುಂಟ ನೇರವಾಗಿ ಹೊಡೆದರೆ ನಡುವನ್ನು ದಾಟಿ ಹೋಗಬೇಕು. ಸುಸ್ತಾದವರು ಸೋಲುವುದು ಹೆಚ್ಚಾಗಿ ಈ ದೂರಕ್ಕೆ.

ಸ್ಪ್ಲಿಟ್ ಸ್ಟೆಪ್ಪಿನಲ್ಲಿ, ಅಂದರೆ ಎರಡೂ ಕಾಲಲ್ಲಿ ಹಾಕುವ ಪುಟ್ಟ ಜಿಗಿತದಲ್ಲಿ, ಎದುರಾಳಿಯ ರಾಕೆಟ್ಟಿಗೆ ಚೆಂಡು ತಾಗುವಾಗಲೇ ನಮ್ಮ ಕಾಲು ನೆಲ ಮುಟ್ಟಬೇಕು. ಜಾಗಕ್ಕೆ ತಲುಪಿಲ್ಲವೆಂದು ಓಡುತ್ತಲೇ ಇದ್ದರೆ ಚೆಂಡು ನಮ್ಮ ಬೆನ್ನ ಹಿಂದೆ ಹೋಗುತ್ತದೆ. ಅರ್ಧ ದಾರಿಯಾದರೂ ಸರಿ, ಆ ಕ್ಷಣಕ್ಕೆ ನಿಲ್ಲಿ.

ಕೈ ಚಾಚಿದರೂ ಚೆಂಡು ಕಷ್ಟದಲ್ಲೇ ಸಿಗುವಂತಿದ್ದರೆ ಕಾಂಟಿನೆಂಟಲ್ ಗ್ರಿಪ್ಪಿನಲ್ಲಿ (ಸುತ್ತಿಗೆ ಹಿಡಿದಂತೆ ರಾಕೆಟ್ ಹಿಡಿದು) ಸ್ಲೈಸ್, ಅಂದರೆ ಚೆಂಡು ಹಿಮ್ಮುಖವಾಗಿ ತಿರುಗುವ ಹೊಡೆತ. ಮಣಿಕಟ್ಟು ಬಿಗಿಯಾಗಿರಲಿ, ರಾಕೆಟ್ ಮುಖ ತುಸು ಮೇಲಕ್ಕೆ. ಕೊಚ್ಚಿದಂತೆ ಕೆಳಕ್ಕೆ ಹೊಡೆದರೆ ಚೆಂಡು ತೇಲುತ್ತದೆ, ಮುಂದಕ್ಕೆ ತಳ್ಳಬೇಕು. ಮಣ್ಣಿನ ಕೋರ್ಟಿನಲ್ಲಿ ಹೊಡೆಯುವ ಮೊದಲೇ ಜಾರಲು ಶುರುಮಾಡಿ. ಹೊಡೆದ ಮೇಲೆ ಜಾರಿದರೆ ವಾಪಸಾಗುವ ದಾರಿ ಅಷ್ಟೂ ಉದ್ದವಾಗುತ್ತದೆ.

ಎದುರಾಳಿ ನೆಟ್ಟಿಗೆ ಬಂದಿದ್ದರೆ ಇದೇ ಎತ್ತರದ ಚೆಂಡು ಅವರಿಗೆ ಸುಲಭದ ವಾಲಿ, ಅಂದರೆ ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಚೆಂಡು. ಆಗ ಕಾಲ ಬುಡಕ್ಕೆ ತಗ್ಗಾಗಿ ಕೊಡಿ, ಇಲ್ಲವೇ ಅವರ ಬ್ಯಾಕ್‌ಹ್ಯಾಂಡ್ ಭುಜದ ಮೇಲಿಂದ ಲಾಬ್ ಮಾಡಿ, ಅಂದರೆ ಕೈಗೆಟುಕದಷ್ಟು ಎತ್ತರಕ್ಕೆ ಹಾರಿಸಿ. ಅವರ ಚೆಂಡು ಸರ್ವಿಸ್ ಲೈನಿನ ಒಳಗೆ ಬಿದ್ದ ಕೂಡಲೇ ರಕ್ಷಣೆ ಬಿಟ್ಟು ಮುಂದೆ ನುಗ್ಗಿ.